ಹಡಗು ಎತ್ತಿಕೊಡಿ ಎಂಬ ಅರ್ಜಿ

ಸಿರುಗುಪ್ಪದ ಕಡೆ ಯಾರಾದರೂ ಕಾಲುವೆಗೆ ಬಿದ್ದು ಹೋದರೆ ಮನೆಯವರು ಮೊದಲು ಓಡುತ್ತಿದ್ದುದು ನೀರಾವರಿ ಕಚೇರಿಗೆ. ಅಲ್ಲಿಯವರು ಮೇಲಿನ ಗೇಟು ಇಳಿಸಿ ನೀರು ತಗ್ಗಿಸುತ್ತಿದ್ದರು. ಒಂದೆರಡು ದಿನದಲ್ಲಿ ಹೆಣ ಸಿಗುತ್ತಿತ್ತು. ನಾವು ಹೂಳುವ ಜನ. ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಕುಣಿಯಲ್ಲಿ ಕೂರಿಸಿ, ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಅಲ್ಲಿಯವರೆಗೆ ಸತ್ತವನು ಸತ್ತಂತಲ್ಲ ಎಂದು ಅವ್ವ ನಂಬಿದ್ದಳು.

ನನ್ನ ಅಣ್ಣ ನೌಕಾಪಡೆಯಲ್ಲಿದ್ದ. ಇನ್ನೂ ಮದುವೆಯಾಗಿರಲಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುಗಳ ಸಬ್‌ಮರೀನೊಂದು ಅವನಿದ್ದ ಹಡಗನ್ನು ಹೊಡೆದು ಮುಳುಗಿಸಿತು. ಟೆಲಿಗ್ರಾಂ ಬಂದಾಗ ನಾನು, ಅವನ ತಂಗಿ, ಕುರುಗೋಡಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಬಸ್ಸು ಹಿಡಿದು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಅವ್ವ ಸೆರಗು ಬಿಗಿದು ಬಾಗಿಲಲ್ಲೇ ನಿಂತಿದ್ದಳು.

"ನಡೀ, ಬಳ್ಳಾರಿಗಿ ಹೋಗಿ ದೊಡ್ಡ ಸಾಹೇಬ್ರಿಗಿ ಹೇಳಾನು. ಕಾಲುವ್ಯಾಗ ಬಿದ್ದೋರ್ನ ತೆಗಸಿಕೊಡ್ತಾರ, ನನ್ನ ಮಗನ್ನ ತೆಗಸಿಕೊಡಲ್ಲೇನು?"

"ಅದು ಸಮುದ್ರ ಅವ್ವ, ಅಲ್ಲೆಲ್ಲಿ ಗೇಟು ಇರತೈತಿ?"

"ಗೇಟಿಲ್ಲಂದ್ರ ಹಗ್ಗ ಹಾಕಿ ಎಳೀಲಿ. ಅವರ ಹಡಗ ಅಲ್ಲೇನು ಅದು!"

ಬಳ್ಳಾರಿಯಲ್ಲಿ ಸಾಹೇಬರು ಎದ್ದು ನಿಂತು ಕೈಮುಗಿದರು. ಅಯ್ಯೋ, ಆ ಮರ್ಯಾದೆ ಕಂಡೇ ನನಗೆ ಸಿಟ್ಟು ನೆತ್ತಿಗೇರಿತು. "ಅರ್ಜಿ ಬರದು ಕೊಡ್ರಿ ತಾಯಿ, ದಿಲ್ಲಿಗಿ ಕಳಸ್ತೀನಿ" ಅಂದರು. ಹಡಗು ಎತ್ತಿಸಿ ನನ್ನ ಮಗನ ದೇಹ ಕೊಡಿ ಎಂದು ಅವ್ವ ಹೇಳಿದಳು, ನಾನು ಬರೆದೆ. ಜನವರಿ ಇಪ್ಪತ್ತಾರಕ್ಕೆ ತಾಲೂಕು ಕಚೇರಿಯ ಮುಂದೆ ಅವ್ವನನ್ನು ಕರೆದು ಶಾಲು ಹೊದಿಸಿದರು. "ಇದನ್ನ ಹೊತ್ಕಂಡು ಏನ್ ಮಾಡ್ಲಿ, ನನ್ನ ಹುಡುಗನ್ನ ತಂದ್ಕೊಡ್ರಿ" ಎಂದಳು ಅವ್ವ. ಮೈಕಿನವನು ಕೇಳಿಸದವನಂತೆ ಮುಂದಿನ ಹೆಸರು ಕೂಗಿದ.

ಬೇಸಿಗೆಯಲ್ಲಿ ಉತ್ತರ ಬಂತು, ಇಂಗ್ಲಿಷಿನಲ್ಲಿ. ಹಡಗು ಬಹಳ ಆಳದಲ್ಲಿದೆ, ಎತ್ತುವುದು ಸಾಧ್ಯವಿಲ್ಲ, ನಿಮ್ಮ ದುಃಖದಲ್ಲಿ ಸರ್ಕಾರವೂ ಭಾಗಿ. ಇಷ್ಟೇ ಇತ್ತು. ಅವ್ವ ಎದುರಿಗೆ ಕೂತು "ಓದು" ಅಂದಳು. ಅವಳ ಮುಖ ನೋಡಿ ನನ್ನ ಧೈರ್ಯ ಕರಗಿ ಹೋಯಿತು.

"ಹುಡುಕಾಕತ್ತಾರಂತವ್ವ. ಸ್ವಲ್ಪ ತಡ ಆಗತೈತಂತ."

ಆ ಒಂದು ಸುಳ್ಳಿನ ಮೇಲೆ ಅವ್ವ ಎಂಟು ವರ್ಷ ಕಳೆದಳು. ಫೋಟೋಕ್ಕೆ ಹಾರ ಹಾಕಗೊಡಲಿಲ್ಲ. ಕಾರ್ಯ ಮಾಡಿ ಮುಗಿಸಿರಿ ಎಂದ ಬಂಧುಗಳನ್ನು ಬೈದು ಕಳಿಸಿದಳು. ಹೊಲದಲ್ಲಿ ಅಪ್ಪನ ಗೋರಿಯ ಪಕ್ಕ ಒಂದು ಮಾರು ಜಾಗಕ್ಕೆ ನೇಗಿಲು ತಾಗಿಸಗೊಡಲಿಲ್ಲ. ವರ್ಷಕ್ಕೊಂದು ಅರ್ಜಿ ಬರೆಸುತ್ತಿದ್ದಳು. ಹಾಳು ಕೈ, ಅದೂ ಬರೆಯುತ್ತಿತ್ತು.

ಒಂದು ದಿನ ಮತ್ತೆ ಕಾಗದ ತಂದು ಮುಂದಿಟ್ಟಾಗ ನನಗೆ ತಡೆಯಲಾಗಲಿಲ್ಲ. "ಎತ್ತಾಕ ಆಗಲ್ಲಂತ ಮೊದಲ್ನೇ ಕಾಗದದಾಗ ಬರದಿದ್ರು ಅವ್ವ! ನಾನ ಹೇಳಿರಲಿಲ್ಲ!"

ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಮೊದಲ್ನೇದ್ರಾಗನ?"

"ಹೂಂ."

"ಹಂಗಂದ್ರ ಇಷ್ಟು ವರ್ಷ ನನ್ನ ಮಗನ್ನ ಮಣ್ಣು ಮಾಡದ ಇಟ್ಟಾಕಿ ನೀನು. ಸರಕಾರ ಅಲ್ಲ."

ಮರುವಾರವೇ ಮಠದ ಅಯ್ಯನವರನ್ನು ಕರೆಸಿದಳು. ಅಪ್ಪನ ಪಕ್ಕದಲ್ಲಿ ಕುಣಿ ತೆಗೆಸಿ, ಅಣ್ಣನ ಅಂಗಿಗೆ ವಿಭೂತಿ ಹಚ್ಚಿ ಒಳಗಿಡಿಸಿದಳು. ಬಂಧುಗಳೆಲ್ಲ ಮಣ್ಣು ಹಾಕಿದರು. ನನ್ನ ಸರದಿ ಬಂದು ಬಗ್ಗಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ನೀ ಹಾಕಬ್ಯಾಡ."

ನಾಲ್ಕು ವರ್ಷಕ್ಕೆ ಅವಳೂ ಹೋದಳು. ಅದೇ ಹೊಲದಲ್ಲಿ ಹೂತೆವು. ಅವಳಿಗೆ ಹಿಡಿ ತುಂಬ ಮಣ್ಣು ಹಾಕಿ ಅತ್ತುಬಿಟ್ಟೆ. ಅಣ್ಣನ ಗೋರಿ ಅಲ್ಲೇ ಪಕ್ಕದಲ್ಲಿತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೂ ಅವನಿಗೊಂದು ಹಿಡಿ ಹಾಕಲು ನನ್ನ ಕೈ ಬರಲಿಲ್ಲ.