ಒಂದು ವಿಮಾನಕ್ಕೆ ಎಷ್ಟು ಜನ

ಕಳೆದ ಶನಿವಾರ ಸ್ಕೂಟರಿನ ಕ್ಲಚ್ ವೈರ್ ಹಾಕಿಸಲು ದಿಲ್ಲಿಯ ಮಯೂರ್ ವಿಹಾರದ ನಮ್ಮ ವಸತಿ ಸೊಸೈಟಿಯ ಹಿಂದಿರುವ ಗ್ಯಾರೇಜಿಗೆ ಹೋಗಿದ್ದೆ. ಕೆಲಸ ಮುಗಿಸಿದ ಮೆಕ್ಯಾನಿಕ್ ಭಯ್ಯಾ ಒಂದು ಡಬ್ಬಿಯಿಂದ ಮರಳು ಮರಳಾದ ಕಿತ್ತಳೆ ಬಣ್ಣದ ಸೋಪನ್ನು ಬೆರಳಲ್ಲಿ ತೆಗೆದು ಕೈಗೆ ತಿಕ್ಕಿಕೊಳ್ಳತೊಡಗಿದ. ಕಿತ್ತಳೆ ಸಿಪ್ಪೆಯೂ ಸೀಮೆಎಣ್ಣೆಯೂ ಸೇರಿದಂಥ ವಾಸನೆಯೊಂದು ಬಂತು. ನಾನು ಹೊರಡುವುದನ್ನು ಬಿಟ್ಟು ಅಲ್ಲೇ ನಿಂತುಬಿಟ್ಟೆ. "ಔರ್ ಕುಛ್, ಸಾಬ್?" ಎಂದು ಅವನು ಕೇಳಿದ. ತೀರಿಹೋದ ಒಬ್ಬರ ಕೈಯ ವಾಸನೆ ನಿನ್ನ ಅಂಗಡಿಯಲ್ಲಿ ಸಿಕ್ಕಿತು ಎಂದು ಅವನಿಗೆ ಹೇಗೆ ಹೇಳಲಿ? ಏನಿಲ್ಲ ಎಂದು ತಲೆಯಾಡಿಸಿದೆ.

ಆ ಕೈ ಪ್ರಭಾಕರ್ ಅವರದು. ನನ್ನ ಸಹೋದ್ಯೋಗಿ ವಸುಧಕ್ಕನ ಗಂಡ, ವಿಮಾನ ರಿಪೇರಿ ಮಾಡುವ ಎಂಜಿನಿಯರ್. ಹೆಂಡತಿ ವಿಮಾನ ಕಂಪನಿಗಳನ್ನು ಅಳೆಯುವವಳು, ಗಂಡ ಅಂಥದೇ ಒಂದು ಕಂಪನಿಯಲ್ಲಿ ದುಡಿಯುವವನು. ಮೊದಮೊದಲು ಇದು ನಮಗೆಲ್ಲ ನಗುವ ವಿಷಯವಾಗಿತ್ತು.

ಅಳೆಯುವುದು ಎಂದರೆ ಏನು ಎಂದು ನಿಮಗೆ ಹೇಳಬೇಕು. ಗುರುಗ್ರಾಮದ ನಮ್ಮ ಪುಟ್ಟ ಆಫೀಸು ವಿಮಾನ ಕಂಪನಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ನೋಡುತ್ತದೆ. ಯಾರ ವಿಮಾನ ದಿನದಲ್ಲಿ ಎಷ್ಟು ಹೊತ್ತು ಆಕಾಶದಲ್ಲಿರುತ್ತದೆ, ಇಳಿದದ್ದು ಎಷ್ಟು ಬೇಗ ಮತ್ತೆ ಏರುತ್ತದೆ, ಹೇಳಿದ ಹೊತ್ತಿಗೆ ಯಾರು ಹೊರಡುತ್ತಾರೆ, ಒಂದು ವಿಮಾನಕ್ಕೆ ಎಷ್ಟು ಜನ ನೌಕರರಿದ್ದಾರೆ. ಎಲ್ಲರಿಗಿಂತ ಚೆನ್ನಾಗಿರುವವರನ್ನು ಅಳತೆಗೋಲು ಮಾಡಿಕೊಂಡು, ಮಿಕ್ಕವರು ಅವರಿಗಿಂತ ಎಷ್ಟು ಹಿಂದಿದ್ದಾರೆ ಎಂದು ವರ್ಷಕ್ಕೊಮ್ಮೆ ಪಟ್ಟಿ ಮಾಡುತ್ತೇವೆ. ಕಾರ್ಯದಕ್ಷತೆಯ ಹೋಲಿಕೆ ಎಂದು ಅದಕ್ಕೆ ಗಂಭೀರವಾದ ಹೆಸರು. ನಾನಂತೂ ಜೀವನದಲ್ಲಿ ಒಂದು ಸಲವೂ ಹೇಳಿದ ಹೊತ್ತಿಗೆ ಹೊರಟವನಲ್ಲ. ಮದುವೆ ಮನೆಗೆ ಕೊನೆಯ ಪಂಕ್ತಿಗೆ ತಲುಪುವ ನನ್ನನ್ನು ನನ್ನ ಹೆಂಡತಿ, "ದೇಶದ ವಿಮಾನಗಳನ್ನೆಲ್ಲ ತಡ ತಡ ಅಂತ ಬೈಯೋರು ಇವ್ರೇ" ಎಂದು ಪರಿಚಯಿಸುತ್ತಾಳೆ.

ಈ ಅಳತೆಯಲ್ಲಿ ತಮಾಷೆಗಳೂ ಇವೆ. ವಿಮಾನ ಹೊರಟಿತು ಎಂದರೆ ಹಾರಿತು ಎಂದಲ್ಲ, ಬಾಗಿಲು ಮುಚ್ಚಿಕೊಂಡು ನಿಂತ ಜಾಗದಿಂದ ಸರಿಯಿತು ಎಂದಷ್ಟೇ. ದಿಲ್ಲಿಯ ಜನವರಿ ಮಂಜಿನಲ್ಲಿ ಹಾಗೆ ಸರಿದು ರನ್‌ವೇ ದಾರಿಯಲ್ಲಿ ಎಷ್ಟು ಹೊತ್ತು ನಿಂತರೂ ಅದು ಸಮಯಕ್ಕೆ ಸರಿಯಾಗಿ ಹೊರಟ ವಿಮಾನವೇ. ಒಮ್ಮೆ ಹೀಗೆ ಸಿಕ್ಕಿಕೊಂಡಾಗ, ಚಡಪಡಿಸುತ್ತಿದ್ದ ಪಕ್ಕದ ಸೀಟಿನವರಿಗೆ "ಲೆಕ್ಕದ ಪ್ರಕಾರ ನಾವು ಹೊರಟಾಗಿದೆ" ಎಂದು ಸಮಾಧಾನ ಹೇಳಲು ಹೋದೆ. ಅವರು ಬೆಂಗಳೂರು ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಈ ಕಥೆಗೆ ಅತಿ ಹೆಚ್ಚು ನಕ್ಕವರು ಪ್ರಭಾಕರ್. ಆಗ ಅವರ ಮನೆ ಜನಕಪುರಿಯಲ್ಲಿತ್ತು. ಭಾನುವಾರ ನಮಗೆ ಅಲ್ಲೇ ಊಟ. ಬೆಲ್ ಒತ್ತಿದರೆ ಒಳಗಿನಿಂದ ಅವರ ದನಿ ಕೇಳುತ್ತಿತ್ತು: "ಬೇಗ ತೆಗಿ ವಸುಧಾ, ಬಾಗ್ಲು ತೆಗೆಯೋಕೆ ಎಷ್ಟು ಹೊತ್ತಾಯ್ತು ಅಂತ ಬರ್ಕೊಂಡ್ಬಿಡ್ತಾನೆ." ಸಾರು ಬಡಿಸುವ ಮೊದಲು ಎರಡೆರಡು ಸಲ ಕೈ ತೊಳೆದರೂ ಆ ಸೋಪಿನ ವಾಸನೆ ಹೋಗುತ್ತಿರಲಿಲ್ಲ. "ಪಾಪಾ, ಆಪ್ ಮತ್ ಪರೋಸೋ, ಅಮ್ಮ ಬಡಿಸ್ಲಿ" ಎಂದು ಮಗಳು ಅನನ್ಯಾ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಮನೆಯ ಮೇಲೆ ವಿಮಾನ ಹೋದ ಸದ್ದಾದರೆ ಅವರ ಕೈಯ ತುತ್ತು ನಿಲ್ಲುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿ, "ನಮ್ದು" ಎಂದು ಹೇಳಿಯೇ ಅವರು ಊಟ ಮುಂದುವರಿಸುತ್ತಿದ್ದದ್ದು.

ಒಂದು ವರ್ಷ ನೌಕರರ ಲೆಕ್ಕದಲ್ಲಿ ಆ 'ನಮ್ದು' ಪಟ್ಟಿಯ ಕೊನೆಗೆ ಬಂತು. ಕಾರಣ ವಸುಧಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಕಂಪನಿಗಳು ರಿಪೇರಿ ಕೆಲಸವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಟ್ಟಿದ್ದವು. ಆ ಗುತ್ತಿಗೆಯವರು ವಿಮಾನವನ್ನು ಮುಟ್ಟಿದರೂ ವಿಮಾನ ಕಂಪನಿಯ ನೌಕರರಲ್ಲ, ಹಾಗಾಗಿ ಎಣಿಕೆಗೆ ಬರುವುದಿಲ್ಲ. ಪ್ರಭಾಕರ್ ಅವರ ಕಂಪನಿಯಲ್ಲಿ ಮಾತ್ರ ಸ್ಪ್ಯಾನರ್ ಹಿಡಿದವನೂ ಸ್ವಂತ ನೌಕರನೇ. ಎಣಿಸಿದರೆ ಒಂದು ವಿಮಾನಕ್ಕೆ ಜನವೋ ಜನ.

"ಸ್ವಲ್ಪ ನೋಡೋ. ಎಲ್ಲೋ ತಪ್ಪಿರ್ಬೇಕು" ಎಂದು ವಸುಧಕ್ಕ ನನ್ನ ಮೇಜಿಗೆ ಬಂದರು. ತಪ್ಪು ಸಿಗಲಪ್ಪಾ ಎಂದು ಬೇಡಿಕೊಳ್ಳುತ್ತ ನಾನು ಲೆಕ್ಕ ಪರೀಕ್ಷಿಸಿದ್ದು ಅದೊಂದೇ ಸಲ. ಸಿಗಲಿಲ್ಲ. ಸಿಗಲಿಲ್ಲ ಎಂದಾಗ ಅವರು ನನ್ನ ಮುಖ ನೋಡಲಿಲ್ಲ, ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು. ಈ ಸಲದ ಪಟ್ಟಿ ಬೇರೆಯವರು ಮಾಡಲಿ ಎಂದು ನಮ್ಮ ಬಾಸ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ವಸುಧಕ್ಕ ಒಪ್ಪಲಿಲ್ಲ. "ಬೇರೆಯವ್ರು ಮಾಡಿದ್ರೆ ಕಾರಣ ಯಾರು ಬರೀತಾರೆ?" ಎಂದರು. ಪಟ್ಟಿಯ ಕೆಳಗೆ ಸಣ್ಣಕ್ಷರದಲ್ಲಿ ಬರೆದೇಬಿಟ್ಟರು: ಈ ಕಂಪನಿಯ ರಿಪೇರಿಯವರು ಅದರ ಸ್ವಂತ ನೌಕರರು, ಆದ್ದರಿಂದ ಈ ಹೋಲಿಕೆ ಸಮನಾದದ್ದಲ್ಲ.

ಪಟ್ಟಿ ಎಲ್ಲ ಕಡೆಗೆ ಹೋಯಿತು. ಸಣ್ಣಕ್ಷರ ಎಲ್ಲಿಗೂ ಹೋಗಲಿಲ್ಲ. ಕೆಲವೇ ತಿಂಗಳಲ್ಲಿ ಕಂಪನಿ ನಮ್ಮ ಪಟ್ಟಿಯನ್ನೇ ತೋರಿಸಿ ರಿಪೇರಿ ವಿಭಾಗವನ್ನು ಮುಚ್ಚಿ, ಆ ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿತು.

ಪ್ರಭಾಕರ್ ಅವರ ಕೆಲಸ ಹೋದ ವಾರದ ಭಾನುವಾರವೂ ನಾನು ಊಟಕ್ಕೆ ಹೋಗಿದ್ದೆ. ಹೋಗದಿದ್ದರೆ ಚೆನ್ನಾಗಿತ್ತೇನೋ. ಊಟದ ಮಧ್ಯೆ ಅನನ್ಯಾ ತಾಯಿಯನ್ನು ಕೇಳಿದಳು: "ಪಾಪಾನ ತೆಗೆದಿದ್ದು ನಿನ್ನ ರಿಪೋರ್ಟ್‌ನಿಂದಾನಾ? ಸಚ್ ಬತಾವೋ, ಅಮ್ಮ." ಅಡುಗೆಮನೆಯಿಂದ ನೀರು ತರುತ್ತಿದ್ದ ಪ್ರಭಾಕರ್, "ಅಮ್ಮ ಬರೀ ಎಣಿಸಿದ್ಲು, ಪುಟ್ಟಾ. ಎಣಿಸೋದು ಅವಳ ಕೆಲಸ" ಎಂದು ಚೊಂಬನ್ನು ಮೇಜಿನ ಮೇಲಿಟ್ಟರು. ಆಮೇಲೆ ಯಾರಿಗೂ ಊಟ ಸೇರಲಿಲ್ಲ. ನಾನು ಏನೋ ಒಂದು ಜೋಕು ಹೇಳಿದೆ, ಅದೇನೆಂದು ಈಗ ನೆನಪಿಲ್ಲ.

ಗುತ್ತಿಗೆದಾರ ಅವರನ್ನು ಕೆಲಸಕ್ಕೆ ತೆಗೆದುಕೊಂಡ. "ಅದೇ ಹ್ಯಾಂಗರ್ ಶೆಡ್ಡು, ಅದೇ ವಿಮಾನ, ಅದೇ ಸ್ಪ್ಯಾನರ್. ಅಂಗಿ ಮಾತ್ರ ಬೂದಿ ಬಣ್ಣದ್ದು" ಎಂದು ಪ್ರಭಾಕರ್ ನಕ್ಕರು. ಜನಕಪುರಿಯ ಬಾಡಿಗೆ ನಿಭಾಯಿಸಲಾಗದೆ ಘಾಜಿಯಾಬಾದಿಗೆ ಮನೆ ಬದಲಾಯಿಸಿದರು. ಅಲ್ಲಿಂದ ಏರ್‌ಪೋರ್ಟಿಗೆ ಮೆಟ್ರೋ ಬದಲಿಸಿ ಬದಲಿಸಿ ಹೋಗಬೇಕು. ಪಾಳಿ ಯಾವಾಗ ಎಂದು ಹಿಂದಿನ ದಿನವಷ್ಟೇ ತಿಳಿಯುತ್ತಿತ್ತು. ಹೊಸ ಮನೆಗೆ ನಾನು ಹೋದಾಗಲೆಲ್ಲ ಅವರು ಒಂದೋ ಮಲಗಿರುತ್ತಿದ್ದರು, ಇಲ್ಲವೇ ಇನ್ನೂ ಬಂದಿರುತ್ತಿರಲಿಲ್ಲ. ಒಂದು ಮೇ ತಿಂಗಳ ಬೆಳಿಗ್ಗೆ ಪಾಳಿ ಮುಗಿಸಿ ಬಂದವರು ಎದೆ ಉರಿಯುತ್ತಿದೆ ಎಂದು ಮಜ್ಜಿಗೆ ಕೇಳಿದರಂತೆ. ವಸುಧಕ್ಕ ಮಜ್ಜಿಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಿಮಾನ ಕಂಪನಿಗೆ ಸುದ್ದಿ ತಿಳಿಸಿದವನು ನಾನೇ. ಫೋನೆತ್ತಿದ ಹುಡುಗಿ ಹೆಸರು ಕೇಳಿ, ಹುಡುಕಿ, "ಸಾರಿ ಸರ್, ಈ ಹೆಸರಿನ ನೌಕರರು ನಮ್ಮಲ್ಲಿಲ್ಲ" ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗುತ್ತಿಗೆದಾರನ ಕಡೆಯಿಂದಲೂ ಯಾರೂ ಬರಲಿಲ್ಲ. ಹ್ಯಾಂಗರಿನ ಹಳೆಯ ಗೆಳೆಯರು ಮಾತ್ರ ಪಾಳಿಯ ಅಂಗಿಯಲ್ಲೇ ಬಂದು ಹೆಗಲು ಕೊಟ್ಟರು. ನಾನು ಸ್ಮಶಾನದ ಗೇಟಿನ ಹೊರಗೆ ನಿಂತು ಮಕ್ಕಳ ಹಾಗೆ ಅತ್ತೆ.

ಮುಂದಿನ ಪಟ್ಟಿಯನ್ನೂ ವಸುಧಕ್ಕನೇ ಮಾಡಿದರು. ಬೇಡ ಎಂದು ಹೇಳುವ ಧೈರ್ಯ ನಮಗಾರಿಗೂ ಆಗಲಿಲ್ಲ. ಕಂಪನಿ ಕೊನೆಯಿಂದ ಜಿಗಿದು ಮೇಲಿನವರ ಸಾಲಿಗೆ ಬಂದಿತ್ತು. ಒಂದು ವಿಮಾನಕ್ಕೆ ಈಗ ಎಷ್ಟು ಕಡಿಮೆ ಜನ! ಆ ಸಂತೋಷಕ್ಕೆ ಕಂಪನಿಯವರು ನಮ್ಮ ಆಫೀಸಿಗೆ ಕಾಜು ಕತ್ಲಿಯ ದೊಡ್ಡ ಪೆಟ್ಟಿಗೆ ಕಳುಹಿಸಿದರು. ಒಂದು ಹೂವನ್ನೂ ಕಳಿಸದವರ ಸಿಹಿ. ಬಚ್ಚಿಡೋಣ ಎಂದು ನಾನು ಎದ್ದೆ, ಅಷ್ಟರಲ್ಲಿ ವಸುಧಕ್ಕನೇ ಪೆಟ್ಟಿಗೆ ಬಿಚ್ಚಿದ್ದರು. ಒಬ್ಬೊಬ್ಬರ ಮೇಜಿಗೂ ಬಂದು, "ತಗೊಳ್ಳಿ, ನಮ್ಮನೆಯವರ ಕಂಪನೀದು" ಎಂದು ಕೊಟ್ಟರು. ನಾನು ಬಾಯಲ್ಲಿಟ್ಟುಕೊಂಡೆ. ಆ ವರ್ಷವೇ ಅವರು ಕೆಲಸ ಬಿಟ್ಟರು. ಈಗ ಘಾಜಿಯಾಬಾದಿನಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ.

ಪಟ್ಟಿ ಈಗ ನನ್ನ ಪಾಲಿಗೆ ಬಂದಿದೆ. ಗುತ್ತಿಗೆಯವರ ಸಂಖ್ಯೆ ಎಂದು ಈ ಸಲ ಹೊಸದೊಂದು ಅಂಕಣ ಸೇರಿಸಿದ್ದೇನೆ. ಎಲ್ಲ ಕಂಪನಿಗಳಿಗೂ ಬರೆದು ಕೇಳಿದೆ. ಅದು ನಮ್ಮ ಬಳಿ ಇಲ್ಲ ಎಂದು ಕೆಲವರು, ಉತ್ತರವೇ ಇಲ್ಲದೆ ಕೆಲವರು. ಅಂಕಣ ಮೇಲಿಂದ ಕೆಳಗೆ ಖಾಲಿ.

ಆ ಶನಿವಾರ ಗ್ಯಾರೇಜಿನ ಎದುರು ನಿಂತೇ ವಸುಧಕ್ಕನಿಗೆ ಫೋನ್ ಮಾಡಿದೆ.

"ಏನೋ, ಈಗ ನೆನಪಾಯ್ತಾ? ಪಟ್ಟಿ ಎಲ್ಲಿಗೆ ಬಂತು?" ಎಂದರು.

ಹೇಳಿದೆ. ಅಂಕಣದ ಸಂಗತಿಯನ್ನೂ ಹೇಳಿದೆ. ಆ ಕಡೆ ಯಾವುದೋ ಮಗು ಮಗ್ಗಿ ಹೇಳುತ್ತಿತ್ತು. ಅದು ಮುಗಿದ ಮೇಲೆ ಅವರು ಅಂದರು:

"ಯಾರೂ ಕೊಡಲ್ಲ ಬಿಡು. ಆದ್ರೆ ನಮ್ಮ ಕಂಪನಿ ಸಾಲು ಮಾತ್ರ ಖಾಲಿ ಬಿಡ್ಬೇಡ. ಒಂದು ಅಂತ ಹಾಕು."

"ಒಂದಾ, ವಸುಧಕ್ಕ?"

"ಹೂಂ. ಒಬ್ರು ಇದ್ರು ಅಂತ ನಂಗೊತ್ತಲ್ಲ."

ಸೋಮವಾರ ಆಫೀಸಿಗೆ ಹೋದವನು ಮೊದಲು ಆ ಸಾಲು ತೆರೆದು, ಒಂದು ಎಂದು ಬರೆದೆ. ಅಂಥ ಅಂಕಿಯನ್ನು ಯಾರೂ ಒಪ್ಪುವುದಿಲ್ಲ, ಪಟ್ಟಿ ಹೊರಗೆ ಹೋಗುವ ಮೊದಲು ಅಳಿಸಲೇಬೇಕು ಎಂದು ನನಗೆ ಗೊತ್ತು. ಇವತ್ತು ಗುರುವಾರ. ಇನ್ನೂ ಅಳಿಸಿಲ್ಲ.