ಕೆಂಪಾಗದ ಯೀಸ್ಟ್

ಮೌನದ ಮೇಲೆ ಸಂಶೋಧನೆ ಮಾಡುವವಳಿಗೆ ಪ್ರಯೋಗಾಲಯದವರು ಇಟ್ಟ ಹೆಸರು ರೇಡಿಯೋ ಅಕ್ಕ. ಯೀಸ್ಟಿನ ಜೀವಕೋಶದೊಳಗೆ ಕೆಲವು ಪ್ರೋಟೀನುಗಳು ವರ್ಣತಂತುವಿನ ತುದಿಯನ್ನು ತಬ್ಬಿ ಕೂತು, ಅಲ್ಲಿನ ಜೀನುಗಳ ಬಾಯಿ ಮುಚ್ಚಿಸುತ್ತವೆ. ಅಂಥದೊಂದು ಕೆಟ್ಟುಹೋದ ಪ್ರೋಟೀನನ್ನು ಅಕ್ಕ ರಿಪೇರಿ ಮಾಡಿದ್ದಳು. ಪರೀಕ್ಷೆಗೆಂದು ಆ ತುದಿಯಲ್ಲಿ ಕೂರಿಸಿದ್ದ ಜೀನು, ಅಡೆನಿನ್ ಎಂಬ ಆಹಾರದ ತಯಾರಿಗೆ ಬೇಕಾದದ್ದು. ಅದು ಬಾಯಿ ಮುಚ್ಚಿದರೆ ಯೀಸ್ಟ್ ಅಡೆನಿನ್ನಿಗೆ ಹಸಿದು ಕೆಂಪಾಗುತ್ತದೆ, ಇಲ್ಲವಾದರೆ ಬೆಳ್ಳಗಿರುತ್ತದೆ. ತಿಂಗಳ ಕೊನೆಯೊಳಗೆ ಕೆಂಪು ಕಾಣದಿದ್ದರೆ ಯೋಜನೆಗೆ ಬೀಗ ಎಂದು ಮುಖ್ಯಸ್ಥರು ಹೇಳಿಯಾಗಿತ್ತು.

“ಆ ಪ್ರೋಟೀನ್ ಒಂದು ಚಮಚ ಮನೆಗೂ ತಾರೇ,” ಎಂದಿದ್ದ ಬೇಕರಿ ನಡೆಸುವ ಗಂಡ.

“ನಿಮ್ಮ ಗೊರಕೆಗೆ ಚಮಚ ಸಾಲಲ್ಲ, ಬಕೆಟ್ಟೇ ಬೇಕು.”

ಪ್ರಯೋಗಾಲಯದಲ್ಲಿ ಯೀಸ್ಟ್ ಬೆಳೆಸಿದ್ದ ಪ್ಲೇಟು ತೆರೆದರೆ ಸುಣ್ಣ ಬಳಿದ ಹಾಗೆ ಎಲ್ಲವೂ ಬಿಳಿ. ರೇಡಿಯೋ ಅಲ್ಲಿಗೇ ಬಂದ್.

“ಇರ್ಲಿ ಬಿಡಮ್ಮ, ಎಲ್ಲಾ ಪ್ರೋಟೀನೂ ಮಾತು ಕೇಳಲ್ಲ,” ಎಂದರು ಮುಖ್ಯಸ್ಥರು.

ಅಕ್ಕ ಪ್ಲೇಟುಗಳನ್ನು ಕಸದ ಚೀಲಕ್ಕೆ ಹಾಕುತ್ತಾ ಬಂದು, ಹೋಲಿಕೆಗೆಂದು ಇಟ್ಟಿದ್ದ ಪ್ಲೇಟಿನ ಹತ್ತಿರ ನಿಂತಳು.

“ಸರ್, ಇದರಲ್ಲಿ ಅಡೆನಿನ್ ಮಾಡೋ ಜೀನೇ ಇಲ್ಲ. ಇದು ಕೆಂಪಾಗ್ಲೇಬೇಕಿತ್ತು. ಇದೂ ಬೆಳ್ಳಗಿದೆಯಲ್ಲ?”

ಮುಖ್ಯಸ್ಥರು ಕನ್ನಡಕ ಮೇಲೇರಿಸಿದರು. “ಇವುಗಳ ಊಟಕ್ಕೆ ಅಡೆನಿನ್ ಎಷ್ಟು ಹಾಕ್ದೆ?”

ಅಕ್ಕನ ಮನೆಗೆ ಬಂದ ನೆಂಟರು ಮೂರನೇ ಸಲ ಬಡಿಸಿಕೊಳ್ಳದೆ ಎದ್ದ ಇತಿಹಾಸವಿರಲಿಲ್ಲ.

“ಪಾಪ, ಬಡಕಲಾಗಿ ಬೆಳೀತಿದ್ವು ಸರ್. ಒಂದಿಷ್ಟು ಧಾರಾಳವಾಗಿ…”

“ಹೊಟ್ಟೆ ತುಂಬಿದೋರಿಗೆ ಕೋಪ ಎಲ್ಲಿಂದ ಬರ್ಬೇಕು, ಕೆಂಪಾಗೋಕೆ?”

ತಪ್ಪು ಪ್ರೋಟೀನಿನದಲ್ಲ, ಬಡಿಸಿದವಳದು. ಅಕ್ಕನಿಗೆ ನಾಚಿಕೆಗಿಂತ ಸಮಾಧಾನವೇ ಹೆಚ್ಚಾಯಿತು. ಈ ಸಲ ಮನಸ್ಸು ಕಲ್ಲು ಮಾಡಿಕೊಂಡು, ಜಿಪುಣನ ಮಗಳಂತೆ ಚೂರೇ ಚೂರು ಅಡೆನಿನ್ ಹಾಕಿದಳು. ಯೀಸ್ಟ್ ಚುಕ್ಕಿ ಚುಕ್ಕಿಯಾಗಿ ಬೆಳೆದು, ಮೊದಲು ತಿಳಿಗುಲಾಬಿಯಾಯಿತು. ಬಣ್ಣ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಟ್ಟು, ಬಾಗಿಲು ತೆಗೆತೆಗೆದು ನೋಡಿ, ಸಹೋದ್ಯೋಗಿಗಳಿಂದ ಬೈಸಿಕೊಂಡಳು.

ತಿಂಗಳ ಕೊನೆಯ ದಿನ ಮುಖ್ಯಸ್ಥರ ಮುಂದೆ ಪ್ಲೇಟು ಇಟ್ಟಳು. ಇಟ್ಟಿಗೆಗೆಂಪು. ಕೆಲವು ಚುಕ್ಕಿಗಳಲ್ಲಿ ಮಾತ್ರ, ಹಣ್ಣಿನ ಹೋಳು ತೆಗೆದ ಹಾಗೆ ಬಿಳಿ ಪಟ್ಟೆ.

“ಕೆಲಸ ಮಾಡ್ತಿದೆ,” ಎಂದರು ಅವರು ಮೆಲ್ಲಗೆ. “ಆದ್ರೆ ಇಲ್ಲಿ ಯಾಕೆ ಮೌನ ಮುರೀತು?”

“ಗೊತ್ತಿಲ್ಲ ಸರ್. ಕಂಡುಹಿಡಿಯೋಕೆ ಇನ್ನೊಂದು ವರ್ಷ ಬೇಕು.”

“ಒಂದೇ ಸಾಕಾ?” ಎನ್ನುತ್ತಾ ಅವರು ಕುರ್ಚಿ ಎಳೆದುಕೊಂಡು ಕೂತರು.