ಕಲ್ಲುಗಂಬಗಳ ನಡುಗಡ್ಡೆಯಲ್ಲಿ ಒಂದು ಅಮಾವಾಸ್ಯೆ

ಬೆಳಿಗ್ಗೆ ನಮ್ಮ ವಾಡೆಯ ಅಂಗಳದಲ್ಲಿ ಒಬ್ಬಾಕೆ ಬೀಸುವ ಕಲ್ಲನ್ನು ಉಳಿಯಿಂದ ಕುಟ್ಟಿ ಒರಟು ಮಾಡುತ್ತಿದ್ದಳು. ಪೆಟ್ಟು ತಿಂದ ಕರಿಗಲ್ಲಿಗೆ ಒಂದು ಸುಟ್ಟ ವಾಸನೆ ಇರುತ್ತದೆ, ನೀವು ಮೂಸಿದ್ದೀರೋ ಇಲ್ಲವೋ. ನನಗಂತೂ ಅದು ಮೂಗಿಗೆ ಬಡಿದರೆ ಪುಣೆ ಮರೆತು ಕೊಂಕಣದ ಒಂದು ನಡುಗಡ್ಡೆ ನೆನಪಾಗುತ್ತದೆ.

ಅಂಬತ್ತೆ ನಮ್ಮ ಅಪ್ಪನ ತಂಗಿ. ಅವಳ ಒಬ್ಬನೇ ಮಗ ಶ್ರೀಪಾದ, ದೊಡ್ಡ ಯುದ್ಧದಲ್ಲಿ ಪಲ್ಟನ್ನಿನ ಗುಮಾಸ್ತನಾಗಿ ಬಸ್ರಾಕ್ಕೆ ಹಡಗು ಹತ್ತಿದವನು, ಮತ್ತೆ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಹನ್ನೆರಡು ವರ್ಷ ಸುಳಿವಿಲ್ಲದವನನ್ನು ಸತ್ತನೆಂದೇ ತಿಳಿದು ಎಳ್ಳುನೀರು ಬಿಡಬೇಕೆಂಬುದು ನಮ್ಮವರ ಕಟ್ಟಳೆ. ಆ ಗಡುವು ಮುಗಿದಾಗ ಅತ್ತೆ, "ಸಮುದ್ರದ ಮ್ಯಾಲೆ ಹೋದಾವಗ ಸಮುದ್ರದಾಗನ ಬಿಡು ಅಣ್ಣಾ" ಎಂದಳು.

ಕಂಡ ಕಂಡ ದಿನ ಸಮುದ್ರ ಮುಟ್ಟಬಾರದು, ಪರ್ವಕಾಲವೇ ಆಗಬೇಕು ಎಂದು ಅಪ್ಪ ಅಮಾವಾಸ್ಯೆಯನ್ನು ಆರಿಸಿದರು. ಅಂದೇ ಕಡಲು ಎಲ್ಲ ದಿನಕ್ಕಿಂತ ಹೆಚ್ಚು ಹಿಂದೆ ಸರಿದು, ಹೆಚ್ಚು ಏರಿ ಬರುತ್ತದೆಂದು ಹೊಳೆಯಲ್ಲಿ ಮುಳುಗೆದ್ದ ನಮಗೆಲ್ಲಿ ಗೊತ್ತು? ನಸುಕಿನಲ್ಲಿ ಬಯಲಾದ ಮರಳ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಆ ನಡುಗಡ್ಡೆಗೆ ನಡೆದೇ ದಾಟಿದೆವು. ಸಮುದ್ರವೆಂದರೆ ಇಷ್ಟೇ ಏನು ಎಂದು ನಾನು ಮೂಗು ಮುರಿದೆ.

ಅಪ್ಪ ಸಂಕಲ್ಪ ಹೇಳಿ, ತಮ್ಮ ಹಿರಿಯರಿಗೆಲ್ಲ ಸಾವಕಾಶ ನೀರು ಬಿಡುತ್ತಾ ಬಂದರು. ಶ್ರೀಪಾದನ ಸರದಿ ಬರುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಹಿಂದಿರುಗಿ ನೋಡಿದರೆ ದಾರಿಯೇ ಇಲ್ಲ. ಎದ್ದೆವೋ ಬಿದ್ದೆವೋ ಎಂದು ಬಂಡೆ ಹತ್ತಿದೆವು.

ಆಗ ಆ ಕಲ್ಲನ್ನು ಕಣ್ಣು ಬಿಟ್ಟು ನೋಡಿದೆ. ನಮ್ಮ ಬೀಸುವ ಕಲ್ಲಿನ ಜಾತಿಯದೇ ಕರಿಗಲ್ಲು. ಒಟ್ಟಿದ ಸೌದೆಯ ಹಾಗೆ ಕಂಬಕ್ಕೆ ಕಂಬ ಅಂಟಿ ನಿಂತಿವೆ, ಹೆಚ್ಚಿನವಕ್ಕೆ ಆರು ಮೂಲೆ. ಮನುಷ್ಯರ ಕೈ ತಾಗಿದ್ದಲ್ಲ. ಭೂಮಿಯೊಳಗಿನ ಬೆಂಕಿ ಉಕ್ಕಿ ಆರುವಾಗ ತಾನಾಗಿ ಸೀಳಿದ್ದಂತೆ. ನಮ್ಮ ಅಪ್ಪನಿಗೆ ಮೂರು ತಲೆಯಾಚೆ ಹಿರಿಯರ ಹೆಸರು ಗೊತ್ತಿಲ್ಲ. ಈ ಕಲ್ಲು ಹೆಸರುಗಳೇ ಇಲ್ಲದ ಕಾಲದಿಂದ ನಿಂತಿದೆ. ಕಡಲು ಅಪ್ಪಳಿಸಿದಾಗ ಅದರ ನಡುಕ ಅಂಗಾಲಿಗೆ ತಾಗಿ ಮೈ ಜುಮ್ಮೆಂದಿತು. ನನಗೆ ಗೊತ್ತಿಲ್ಲದೆ ಕೈ ಮುಗಿದಿದ್ದೆ. ಕ್ರಿಯೆ ಅರ್ಧಕ್ಕೆ ನಿಂತಿತೆಂದು ಅಪ್ಪ ಗೊಣಗುತ್ತಿದ್ದರು. ಅತ್ತೆ ಮಾತ್ರ ಎಳ್ಳಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು, ಒಂದು ಕಂಬಕ್ಕೆ ಬೆನ್ನು ಕೊಟ್ಟು ದಿನವಿಡೀ ನೀರನ್ನೇ ನೋಡುತ್ತಾ ಕುಳಿತಳು.

ಇಳಿಹೊತ್ತಿಗೆ ನೀರು ಸರಿದು ಮರಳ ದಾರಿ ಮತ್ತೆ ತೆರೆಯಿತು.

"ಬಾ ಅಂಬಾ, ಈಗರೆ ಮುಗಿಸೂಣು" ಎಂದರು ಅಪ್ಪ.

"ಬ್ಯಾಡ ಅಣ್ಣಾ. ಹೊಳೀ ನೀರು ಹೋದ್ರ ಹೋತು. ಇದು ಹೋಗಿ ತಿರುಗಿ ಬರತದ, ಕಣ್ಣಾರೆ ಕಂಡೆ." ಅತ್ತೆ ಕಂಬದ ಮೇಲೆ ಕೈಯಾಡಿಸಿದಳು. "ಈ ಕಲ್ಲಿನಷ್ಟು ಕಾಯಲಿಕ್ಕೆ ನನಗ ಆಗೂದಿಲ್ಲ ಖರೆ. ಆದಷ್ಟು ಕಾಯ್ತೀನಿ."

ಶಾಸ್ತ್ರದ ಮಾತಿನಲ್ಲಿ ಯಾರಿಗೂ ಸೋಲದ ಅಪ್ಪ ಅಂದು ಚಪ್ಪಲಿ ಕೈಗೆತ್ತಿಕೊಂಡು ಮರಳಿಗೆ ಇಳಿದರು.

ಈಗ ಅಪ್ಪನೂ ಇಲ್ಲ, ಅತ್ತೆಯೂ ಇಲ್ಲ. ಹಿರಿಯರಿಗೆ ನೀರು ಬಿಡುವ ಕೈ ನನ್ನದಾಗಿದೆ. ಇಂದು ಅತ್ತೆಯ ಶ್ರಾದ್ಧ. ವರ್ಷವರ್ಷವೂ ಹೇಳುವಂತೆ ಪುರೋಹಿತರು ಇಂದೂ ಹೇಳಿದರು: "ಆಕಿ ಮಗನ ಹೆಸರೂ ಹೇಳಿಬಿಡ್ರಿ. ಭಾಳ ವರ್ಷ ಆತು."

ಪ್ರತಿ ಸಲ ತಡವರಿಸುತ್ತಿದ್ದ ನಾಲಿಗೆ ಈ ಸಲ ತಡವರಿಸಲಿಲ್ಲ.

"ಅವ ಊರಾಗಿಲ್ರಿ" ಎಂದೆ.